ಬಿಯರ್ ಆದಾಗ ಬರೀರಿ

ನವೆಂಬರ್ 9

ಅಕ್ಕನಿಗೆ,

ಇಲ್ಲಿ ಎಲ್ಲ ನೆಟ್ಟಗಿದೆ ಎಂದು ಬರೆದರೆ ನೀನು ನಂಬುವುದಿಲ್ಲ. ಆದ್ದರಿಂದ ಕೆಮ್ಮು ಹೋಗಿದೆ ಎಂದಷ್ಟೇ ಬರೆಯುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಅರ್ಧ ಆಯುಷ್ಯ ಬಿಯರ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲೇ ಕಳೆದವಳು ನೀನು, ನಿನ್ನನ್ನು ಬಿಟ್ಟು ಇನ್ನಾರನ್ನು ಕೇಳಲಿ. ಮನೆಯಲ್ಲಿ ಮಾಡಿದ ಬಿಯರ್ ಹುದುಗಿ ಮುಗಿಯಿತು ಎಂದು ತಿಳಿಯುವುದು ಹೇಗೆ?

ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಗಾಜಿನ ಜಾಡಿ ಇಟ್ಟಿದ್ದೇನೆ. ಹುಚ್ಚು ಹತ್ತಿಸಿದ್ದು ನನ್ನವಳೇ, ನಮ್ಮ ಟೈಲರಮ್ಮ. "ಈ ಅಣೆಕಟ್ಟಿನ ಮೇಲೆ ಚಳಿಗಾಲ ಕಳೀಬೇಕಂದ್ರೆ ಮನೇಲಿ ಏನಾದ್ರೂ ಒಂದು ಸದ್ದು ಮಾಡ್ತಿರ್ಬೇಕು ಕಣ್ರೀ" ಅಂದಳು. ಇಬ್ಬರೂ ಸೇರಿ ಬಾರ್ಲಿ ಮಾಲ್ಟ್ ಕುದಿಸಿದೆವು. ನಾನು ಸೋಸಿದೆ, ಅವಳು ಹೊಲಿಗೆಯ ಟೇಪು ಹಿಡಿದು ಜಾಡಿ ಎಷ್ಟು ತುಂಬಿತೆಂದು ಅಳೆದಳು. ಮುಚ್ಚಳದ ಮೇಲಿನ ಕೊಳವೆಯಲ್ಲಿ ಗುಳ್ಳೆ ಏಳಲು ಶುರುವಾದಾಗ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು.

ಆ ವಾರವೇ ಅವಳು ನಿಮ್ಮ ಊರಿಗೆ, ಅವಳ ಚಿಕ್ಕಮ್ಮನ ಮನೆಗೆ ಹೊರಟಳು. ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಳು. ಸಾಮಾನಿನ ವ್ಯಾನು ಹತ್ತುವಾಗ ಯಾವಾಗ ಬರುತ್ತೀಯ ಎಂದು ಕೇಳಿದೆ. "ಬಿಯರ್ ಆದಾಗ ಬರೀರಿ, ಬರ್ತೀನಿ" ಅಂದು ನಕ್ಕಳು. ಹಾಗಾಗಿ ಸರಿಯಾಗಿ ತಿಳಿಯಬೇಕಾಗಿದೆ. ಆಗುವ ಮೊದಲೇ ಬರೆದರೆ ಅವಸರದವನೆನಿಸುತ್ತೇನೆ, ತಡಮಾಡಿದರೆ ಮರೆತವನೆನಿಸುತ್ತೇನೆ.

ಈ ಮನೆಗೆ ಇರುವುದು ಒಂದೇ ಬೀಗದ ಕೈ. ಅದು ಅವಳ ಕೋಟಿನ ಜೇಬಿನಲ್ಲಿ ಹೋಗಿದೆ. ಬಾಗಿಲು ಎಳೆದುಕೊಂಡು ಹಾಗೇ ಕೆಲಸಕ್ಕೆ ಹೋಗುತ್ತೇನೆ, ಕದಿಯಲು ಇಲ್ಲಿಗೆ ಯಾರು ಬರುತ್ತಾರೆ. ಮನೆಯ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಹೋದವಳು ವಾಪಸು ಬರುವವಳೇ ತಾನೆ.

ಇಲ್ಲಿಯ ಫೋನು ನೀರಿನ ಮಟ್ಟ ಹೇಳುವುದಕ್ಕೆ ಮಾತ್ರ. ಪತ್ರವನ್ನೇ ಬರೆ, ವ್ಯಾನಿನವನು ತಂದುಕೊಡುತ್ತಾನೆ.

ನಿನ್ನ ತಮ್ಮ

ನವೆಂಬರ್ 17

ಮೂಕಪ್ಪನಿಗೆ,

ನಿನ್ನ ಕೈಯಿಂದ ಇಷ್ಟುದ್ದದ ಪತ್ರ! ಲಕೋಟೆಯ ಮೇಲಿನ ಅಕ್ಷರ ನಿನ್ನದೇ ಹೌದೋ ಅಲ್ಲವೋ ಎಂದು ಎರಡು ಸಲ ನೋಡಿದೆ. ಚಿಕ್ಕಂದಿನಲ್ಲಿ ನಿನ್ನ ಬಾಯಿಂದ ಒಂದು ಮಾತು ಹೊರಡಿಸಲು ನಾನು ನನ್ನ ಜಡೆಯನ್ನು ನಿನ್ನ ಕೈಗೆ ಕೊಟ್ಟು ಎಳೆಸಿಕೊಳ್ಳಬೇಕಾಗಿತ್ತು. ಈಗ ಒಂದು ಜಾಡಿ ಆ ಕೆಲಸ ಮಾಡಿದೆ.

ಕೇಳು. ಮೊದಲನೆಯದು, ಗುಳ್ಳೆಯನ್ನು ನಂಬಬೇಡ. ಗುಳ್ಳೆ ನಿಂತರೆ ಮುಗಿಯಿತು ಎಂದು ಜಗತ್ತೇ ತಿಳಿದುಕೊಂಡಿದೆ. ಮುಚ್ಚಳ ಸಡಿಲವಿದ್ದರೂ ಗುಳ್ಳೆ ನಿಲ್ಲುತ್ತದೆ. ಚಳಿ ಹೆಚ್ಚಾದರೆ ಯೀಸ್ಟ್ ಮುದುಡಿ ಮಲಗುತ್ತದೆ, ಆಗಲೂ ನಿಲ್ಲುತ್ತದೆ. ಹಾಗೇ, ಎಲ್ಲ ಮುಗಿದ ಮೇಲೂ ಜಾಡಿಗೆ ಬಿಸಿಲು ಬಿದ್ದರೆ ನಾಲ್ಕು ಗುಳ್ಳೆ ಏಳುತ್ತವೆ, ನೋಡಿದವರು ಇನ್ನೂ ಜೀವ ಇದೆ ಎಂದು ಮೋಸ ಹೋಗುತ್ತಾರೆ. ಸದ್ದು ನಿಂತಿತೆಂದು ಅವಸರಪಟ್ಟು ಬಾಟಲಿಗೆ ತುಂಬಿದವರು ಆಮೇಲೆ ಬಾಟಲಿ ಸಿಡಿದು ಸೂರಿನಿಂದ ಗಾಜಿನ ಚೂರು ಕಿತ್ತದ್ದನ್ನೂ ನಾನು ಕಂಡಿದ್ದೇನೆ.

ಇದರ ಜೊತೆ ಒಂದು ಹೈಡ್ರೋಮೀಟರ್ ಕಳಿಸಿದ್ದೇನೆ. ಅಂಕಿ ಬರೆದ ಗಾಜಿನ ಕಡ್ಡಿ, ಅಷ್ಟೆ. ಒಂದು ಲೋಟದಷ್ಟು ಬಿಯರ್ ತೆಗೆದು ಅದರಲ್ಲಿ ತೇಲಿಬಿಡು. ಸಕ್ಕರೆ ಇರುವತನಕ ಕಡ್ಡಿ ಎತ್ತರದಲ್ಲಿ ತೇಲುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದ ಹಾಗೆಲ್ಲ ಕೆಳಗಿಳಿಯುತ್ತದೆ. ನಿಮ್ಮದು ಐವತ್ತರ ಹತ್ತಿರ ಶುರುವಾಗಿರಬೇಕು, ಹನ್ನೆರಡರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಎರಡೆರಡು ದಿನ ಬಿಟ್ಟು ನೋಡು. ಮೂರು ಸಲವೂ ಅದೇ ಅಂಕಿ ಬಂದರೆ ಮುಗಿಯಿತು, ಇನ್ನು ದೇವರೇ ಬಂದರೂ ಅದು ಇಳಿಯುವುದಿಲ್ಲ.

ಮುಗಿದ ಮೇಲೆ ತಡಮಾಡಬೇಡ. ತಳದಲ್ಲಿ ಕೂತ ಯೀಸ್ಟ್ ಸತ್ತು ಕೊಳೆತರೆ ಬಿಯರಿಗೆ ಸುಟ್ಟ ರಬ್ಬರಿನ ರುಚಿ ಹತ್ತುತ್ತದೆ. ಅದಕ್ಕೆ ಮದ್ದಿಲ್ಲ.

ಜಾಡಿಗೆ ಹಳೆಯ ಕೋಟು ಸುತ್ತು. ನೀನೂ ಒಂದು ಹಾಕಿಕೋ. ಟೈಲರಮ್ಮ ಬಂದಾಗ ನನಗೊಂದು ಬಾಟಲಿ ಎತ್ತಿಡಿ.

ಅಕ್ಕ

ನವೆಂಬರ್ 29

ಅಕ್ಕ,

ಕಡ್ಡಿ ಒಡೆಯದೆ ಬಂತು. ಇವತ್ತು ಇಪ್ಪತ್ತರಲ್ಲಿದೆ. ಗುಳ್ಳೆ ನಿಂತು ಎರಡು ದಿನವಾಯಿತು. ನೀನು ಹೇಳದಿದ್ದರೆ ಆಯಿತೆಂದು ಅವಳಿಗೆ ಬರೆದೇಬಿಡುತ್ತಿದ್ದೆ. ಕೋಟು ಸುತ್ತಿದ್ದೇನೆ. ಮನೆಯೊಳಗೆ ಯಾರೋ ಬೆನ್ನು ಹಾಕಿ ಕೂತ ಹಾಗೆ ಕಾಣುತ್ತದೆ.

ಬೆಳಿಗ್ಗೆ ಮೆಟ್ಟಿಲಿಳಿದು ಹೋಗಿ ನೀರಿನಲ್ಲಿ ನಿಲ್ಲಿಸಿರುವ ಅಳತೆಪಟ್ಟಿ ನೋಡಿ ಮಟ್ಟ ಬರೆದುಕೊಳ್ಳುತ್ತೇನೆ, ಫೋನಿನಲ್ಲಿ ಹೇಳುತ್ತೇನೆ, ಮನೆಗೆ ಬರುತ್ತೇನೆ. ಅವಳ ಹೊಲಿಗೆ ಮಿಷನ್ನಿನ ಮೇಲೆ ದುಪ್ಪಟಿ ಹೊದಿಸಿದ್ದೇನೆ. ನಿನ್ನೆ ಕಸ ಗುಡಿಸುವಾಗ ಅವಳ ಗುಂಡುಸೂಜಿಯೊಂದು ಹಿಮ್ಮಡಿಗೆ ಚುಚ್ಚಿತು. ಅವಳಿದ್ದಾಗ ದಿನಾ ಚುಚ್ಚಿಸಿಕೊಂಡು ದಿನಾ ರೇಗುತ್ತಿದ್ದೆ. ನಿನ್ನೆ ಸಂತೋಷವಾಯಿತು.

ಅವಳಿಂದ ಪತ್ರವಿಲ್ಲ. ನಾನು ಬರೆಯಲಿ ಎಂದಲ್ಲವೇ ಅವಳು ಹೇಳಿದ್ದು, ಅದಕ್ಕೇ ಇರಬೇಕು. ಬೀದಿಯಲ್ಲೆಲ್ಲಾದರೂ ಸಿಕ್ಕಿದರೆ ನನ್ನ ವಿಷಯ ಎತ್ತಬೇಡ. ಅಕ್ಕನನ್ನು ಬೇಹುಗಾರಿಕೆಗೆ ಬಿಟ್ಟಿದ್ದಾನೆ ಅಂದುಕೊಂಡಾಳು.

ತಮ್ಮ

ಡಿಸೆಂಬರ್ 6

ತಮ್ಮಾ,

ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ ಎಂದು ಬರೆಯುತ್ತಿರುವಾಗಲೇ ಗೊತ್ತಾಗುತ್ತಿದೆ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಟೈಲರಮ್ಮ ಇವತ್ತು ನನ್ನ ಕೆಲಸದ ಜಾಗಕ್ಕೆ ಬಂದಿದ್ದಳು. ಗಾಜಿನ ಕೊಳವೆಗಳ ಮಧ್ಯೆ ಸ್ಟೂಲಿನ ಮೇಲೆ ಕೂತು ಕೈಚೀಲದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಕೋಟಿನ ಜೇಬಲ್ಲಿ ಉಳ್ಕೊಂಡುಬಿಟ್ಟಿತ್ತಕ್ಕ. ಗೊತ್ತಾಗ್ಲೇ ಇಲ್ಲ. ಅವ್ರಿಗೆ ಕಳಿಸ್ಬಿಡಿ" ಅಂದಳು. ನೀನು ಇಷ್ಟು ದಿನ ಆ ಬೀಗದ ಕೈ ನಂಬಿಕೊಂಡು ಕೂತಿದ್ದೀಯ, ಅವಳಿಗೆ ಅದು ಜೇಬಿನಲ್ಲಿದ್ದದ್ದೇ ಗೊತ್ತಿರಲಿಲ್ಲ.

ನಾಟಕದವರ ಬಟ್ಟೆ ಹೊಲಿಯುವ ಕಡೆ ಕೆಲಸ ಸಿಕ್ಕಿದೆಯಂತೆ. ಒಂದು ಕೋಣೆ ಹಿಡಿದಿದ್ದಾಳೆ. ವಾಪಸು ಬರುವುದಿಲ್ಲವಂತೆ. ನನ್ನ ತಮ್ಮ ಏನು ಮಾಡಿದ ಎಂದು ಜಗಳಕ್ಕೇ ನಿಂತೆ. ಅವಳು ದನಿ ಏರಿಸಲಿಲ್ಲ. "ಏನೂ ಮಾಡ್ಲಿಲ್ಲಕ್ಕ. ಬಾಯಲ್ಲಿ ಬೆರಳಿಟ್ರೂ ಕಚ್ಚೋರಲ್ಲ ಅವ್ರು. ನೀರು ಎಷ್ಟಿದೆ ಅಂತ ದಿನಾ ಬೆಳಿಗ್ಗೆ ಆಫೀಸಿಗೆಲ್ಲ ಹೇಳ್ತಾರೆ. ಆಮೇಲೆ ಸಂಜೆವರ್ಗೂ ನನ್ ಹತ್ರ ಒಂದು ಮಾತಿಲ್ಲ. ನಾನೇ ಮಾತಾಡಿ, ನಾನೇ ಹೂಂ ಅಂದ್ಕೊಂಡು, ಕೊನೆಗೆ ಮಿಷನ್ ಹತ್ರ ಮಾತಾಡೋಕೆ ಶುರುಮಾಡಿದ್ದೆ. ಆ ಜಾಡಿ ಗುಳುಗುಳು ಅಂದಾಗ ಎಷ್ಟು ಖುಷಿಯಾಯ್ತು ಅಂದ್ರೆ, ನಂಗೇ ಭಯ ಆಯ್ತಕ್ಕ."

ನೀನೇ ಅವನಿಗೆ ಬರೆ ಎಂದೆ. "ನಂಗೆ ಬರಿಯೋಕಾಗ್ತಿಲ್ಲ, ನೀವೇ ಹೇಳಿ" ಅಂದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತು, "ಬಿಯರ್ ಆಯ್ತಂತಾ?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಮುಖ ಒರೆಸಿಕೊಂಡು ಹೋದಳು.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಬರುತ್ತಿಲ್ಲ. ನೀನು ಒಬ್ಬನೇ, ಆ ಚಳಿಯಲ್ಲಿ, ಆ ನೀರಿನ ಪಕ್ಕದಲ್ಲಿ ಇದನ್ನು ಓದುವುದನ್ನು ನೆನೆಸಿಕೊಂಡರೆ ಲಕೋಟೆಗೆ ವಿಳಾಸ ಬರೆಯಲಾಗುತ್ತಿಲ್ಲ. ಚಳಿಗಾಲ ಕಳೆಯಲಿ. ಆಮೇಲೆ ಹೇಳುತ್ತೇನೆ.

ಡಿಸೆಂಬರ್ 7

ಮೂಕಪ್ಪನಿಗೆ,

ಇಪ್ಪತ್ತು ಎಂದರೆ ಇನ್ನೂ ದಾರಿಯಿದೆ. ತಾಳಿದವನು ಬಾಳಿಯಾನು. ಇಲ್ಲಿ ವಿಶೇಷವೇನಿಲ್ಲ. ಕಾರ್ಖಾನೆಯ ಹಿಂದಿನ ರಸ್ತೆ ಅಗೆದಿದ್ದಾರೆ, ಸುತ್ತಿ ಬಳಸಿ ಹೋಗಬೇಕು. ಬೀದಿಯಲ್ಲಿ ಯಾರೂ ಸಿಕ್ಕಲಿಲ್ಲ. ಕೈಕಾಲು ಬೆಚ್ಚಗಿಟ್ಟುಕೋ.

ಅಕ್ಕ

ಡಿಸೆಂಬರ್ 19

ಅಕ್ಕ,

ಹನ್ನೆರಡು. ಎರಡು ದಿನ ಬಿಟ್ಟು ಮತ್ತೆ ಹನ್ನೆರಡು. ಇವತ್ತೂ ಹನ್ನೆರಡು. ನೀನು ಹೇಳಿದ ಮೂರು ಸಲವೂ ಆಯಿತು. ಮೇಲೆ ತಿಳಿಯಾಗಿದೆ, ಕೋಟು ತೆಗೆದು ಜಾಡಿಯ ಹಿಂದೆ ಕೈಯಿಟ್ಟರೆ ಬೆರಳು ಕಾಣುತ್ತದೆ.

ಬಾಟಲಿ ತೊಳೆದು ಕವುಚಿಹಾಕಿದ್ದೇನೆ. ಅಡುಗೆಮನೆಗೆ ಸುಣ್ಣ ಹೊಡೆದೆ. ಅವಳು ಬಹಳ ದಿನದಿಂದ ಹೇಳುತ್ತಿದ್ದಳು, ನನ್ನ ಕಿವಿಗೇ ಬಿದ್ದಿರಲಿಲ್ಲ. ಅವಳು ಕೇಳಿದರೆ ಹೇಳಲು ಕೆಲವು ಮಾತುಗಳನ್ನೂ ಯೋಚಿಸಿಟ್ಟಿದ್ದೇನೆ. ನಗಬೇಡ. ಅಣೆಕಟ್ಟಿನ ಮೇಲೆ ನಡೆಯುವಾಗ ಜೋರಾಗಿ ಹೇಳಿ ಅಭ್ಯಾಸ ಮಾಡುತ್ತೇನೆ.

ಆಯಿತು ಅಲ್ಲವೇ? ನೀನು ಹೂಂ ಎಂದ ಕೂಡಲೇ ಅವಳಿಗೆ ಬರೆಯುತ್ತೇನೆ.

ತಮ್ಮ

ಡಿಸೆಂಬರ್ 29

ಮೂಕಪ್ಪನಿಗೆ,

ಬರೆಯಬೇಡ. ಇನ್ನೂ ಆಗಿಲ್ಲ.

ಹನ್ನೆರಡೆಂದು ನಾನು ಅಂದಾಜಿಗೆ ಹೇಳಿದ್ದು. ನಿನ್ನ ಮಾಲ್ಟಿನ ಅಳತೆಯನ್ನು ಕೂತು ಲೆಕ್ಕಹಾಕಿದರೆ ಒಂಬತ್ತಕ್ಕೆ ಇಳಿಯಬೇಕು. ಕಡ್ಡಿಗೆ ಸಣ್ಣ ಗುಳ್ಳೆಗಳು ಅಂಟಿಕೊಂಡು ಎತ್ತಿಹಿಡಿಯುತ್ತವೆ, ಹಾಗೆ ಸುಳ್ಳು ಅಂಕಿ ಬರುತ್ತದೆ. ಎರಡು ಬೆರಳಲ್ಲಿ ತಿರುಗಿಸಿ ಬಿಟ್ಟು ನೋಡು. ಇಲ್ಲವೇ ಚಳಿಗೆ ಯೀಸ್ಟ್ ಮಲಗಿರಬೇಕು, ಅರ್ಧ ದಾರಿಯಲ್ಲಿ ಮಲಗಿದರೂ ಅಂಕಿ ಹೀಗೇ ಒಂದೇ ಕಡೆ ನಿಲ್ಲುತ್ತದೆ. ಜಾಡಿಯನ್ನು ಒಲೆಯ ಹತ್ತಿರ ಸರಿಸು.

ಸುಣ್ಣ ಹೊಡೆದದ್ದು ಒಳ್ಳೆಯದಾಯಿತು. ಮಾತು ಅಭ್ಯಾಸ ಮಾಡುವುದನ್ನು ಬಿಡಬೇಡ. ನನಗೇ ಬರೆದು ಅಭ್ಯಾಸ ಮಾಡು.

ಅಕ್ಕ

ಜನವರಿ 11

ಅಕ್ಕ,

ತಿರುಗಿಸಿ ನೋಡಿದೆ. ಹನ್ನೆರಡು. ಒಲೆಯ ಹತ್ತಿರ ಸರಿಸಿದೆ. ಹನ್ನೆರಡು.

ಜಲಾಶಯದ ಅಂಚು ಹೆಪ್ಪುಗಟ್ಟಿದೆ. ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದಿನಾ ಅದೇ ಅಂಕಿ ಹೇಳಿದರೆ ಆಫೀಸಿನವರು ಬೇಜಾರುಪಟ್ಟುಕೊಳ್ಳುತ್ತಾರೆ. ನಿಜವಾಗಿ ಕೆಳಗಿಳಿದು ನೋಡಿದಿರಾ ಎಂದು ನಿನ್ನೆ ಕೇಳಿದರು.

ನೀನು ಹೇಳುವತನಕ ಕಾಯುತ್ತೇನೆ.

ತಮ್ಮ

ಜನವರಿ 20

ಮೂಕಪ್ಪನಿಗೆ,

ಕಾಯಿ. ಜಾಡಿಯನ್ನು ಮೆತ್ತಗೆ ಅಲುಗಾಡಿಸಿ ತಳದ ಯೀಸ್ಟನ್ನು ಎಬ್ಬಿಸು. ಹದಿನೈದು ದಿನ ಬಿಟ್ಟು ಕಡ್ಡಿ ಹಾಕು, ದಿನಾ ಹಾಕಿ ಅದನ್ನು ಕಾಡಿಸಬೇಡ. ಸಿಹಿ ಇಲ್ಲವೆಂದು ನಾಲಿಗೆ ಹೇಳಿದರೂ ನಂಬಬೇಡ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಸುರಿದುಕೊಳ್ಳುವ ನಾಲಿಗೆ ಅದು.

ನಮ್ಮ ಮೇಲ್ವಿಚಾರಕರಿಗೆ ಹಲ್ಲುನೋವು. ಊದಿದ ಕೆನ್ನೆ ಹಿಡಿದುಕೊಂಡೇ ಎಲ್ಲರನ್ನೂ ಬೈಯುತ್ತಾರೆ, ಏನು ಬೈದರೆಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಮೆಟ್ಟಿಲಿನ ದೀಪ ಕೆಟ್ಟಿದೆ. ಪಕ್ಕದ ಮನೆಯ ಬೆಕ್ಕು ನನ್ನ ಕಿಟಕಿಯಲ್ಲಿ ಮರಿಹಾಕಿದೆ, ಒಂದು ಮರಿ ನಿನ್ನ ಹಾಗೆಯೇ, ಮ್ಯಾಂವ್ ಅನ್ನುವುದೇ ಇಲ್ಲ. ನಿನಗೆ ಇಷ್ಟವಿದ್ದರೆ ವ್ಯಾನಿನಲ್ಲಿ ಕಳಿಸಿಕೊಡುತ್ತೇನೆ. ಮನೆಯಲ್ಲಿ ಜೊತೆಗೊಂದು ಜೀವವಿರುತ್ತದೆ.

ಬಿಯರಿನ ಬಗ್ಗೆ ಅವಸರವೇ ಬೇಡ. ಮಾರ್ಚ್ ಆದರೂ ಆಗಲಿ.

ಅಕ್ಕ

ಫೆಬ್ರವರಿ 14

ಅಕ್ಕ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಬೆಕ್ಕಿನ ಮರಿಯ ಸಾಲನ್ನು ಮತ್ತೆ ಮತ್ತೆ ಓದಿದೆ. ನನಗೆ ಜೊತೆಗೊಂದು ಜೀವ ಬೇಕಾಗುತ್ತದೆ ಎಂದು ನಿನಗೆ ಹೇಗೆ ಗೊತ್ತಾಯಿತು?

ಇವತ್ತು ಬಿಯರ್ ಬಾಯಿಗಿಟ್ಟುಕೊಂಡೆ. ಸುಟ್ಟ ರಬ್ಬರು. ಮುಗಿದ ಮೇಲೆ ತಡಮಾಡಬೇಡ, ಅದಕ್ಕೆ ಮದ್ದಿಲ್ಲ ಎಂದು ಮೊದಲ ಪತ್ರದಲ್ಲಿ ಬರೆದವಳು ನೀನು. ಆಮೇಲಿನ ಪತ್ರಗಳಲ್ಲೆಲ್ಲ ಕಾಯಿ, ಕಾಯಿ. ಕಾರ್ಖಾನೆಯ ಟ್ಯಾಂಕನ್ನು ಒಂದು ದಿನ ಹೆಚ್ಚು ಬಿಟ್ಟರೆ ಊರು ಒಂದು ಮಾಡುವ ನನ್ನ ಅಕ್ಕ, ಜಾಡಿಯನ್ನು ಮಾರ್ಚ್‌ವರೆಗೆ ಬಿಡು ಎನ್ನುತ್ತಾಳೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

ನನ್ನದೂ ಒಂದು ಹೇಳುತ್ತೇನೆ. ನೀರು ಎಲ್ಲಿ ನಿಂತಿದೆ ಎಂದು ಓದುವುದೇ ನನ್ನ ಕಸುಬು. ಅಲೆ ಬಂದರೆ ಅಲೆಯ ನಡುವನ್ನು ಓದುತ್ತೇನೆ, ಅಳತೆಪಟ್ಟಿಗೆ ಅಂಟಿಕೊಂಡು ಅಂಚಿನಲ್ಲಿ ಏರಿದ ನೀರನ್ನು ಬಿಟ್ಟು ಓದುತ್ತೇನೆ. ಕಡ್ಡಿಗೆ ಗುಳ್ಳೆ ಅಂಟಿದೆಯೋ ಇಲ್ಲವೋ ಎಂದು ನನಗೆ ಕಾಣದೆ ಹೋಗುತ್ತದೆಯೇ? ಡಿಸೆಂಬರಿನಲ್ಲೇ ಬಿಯರ್ ಆಗಿತ್ತು. ನನಗೆ ಗೊತ್ತಿತ್ತು. ಅವಳಿಗೆ ಬರೆದರೆ ಅವಳು ಉತ್ತರ ಕೊಡಬೇಕಾಗುತ್ತದೆ ಎಂದು ಹೆದರಿ ನಿನ್ನನ್ನು ಕೇಳಿದೆ. ನೀನು ಇನ್ನೂ ಇಲ್ಲ ಎಂದೆ. ಅಷ್ಟು ಹಿತವಾದ ಮಾತು ಈ ಚಳಿಗಾಲದಲ್ಲಿ ನನಗೆ ಯಾರೂ ಹೇಳಲಿಲ್ಲ. ಮತ್ತೆ ಹೇಳಲಿ ಎಂದು ಮತ್ತೆ ಕೇಳಿದೆ.

ಈಗ ಕುಡಿಯಲೂ ಆಗದು. ಹೇಳಿಬಿಡು. ಅವಳು ನಿನಗೆ ಸಿಕ್ಕಿದ್ದಳಲ್ಲವೇ?

ತಮ್ಮ

ಫೆಬ್ರವರಿ 22

ತಮ್ಮಾ,

ಡಿಸೆಂಬರಿನಲ್ಲಿ ಬರೆದು ಹಾಕದೆ ಇಟ್ಟುಕೊಂಡ ಪತ್ರ ಇದರ ಜೊತೆಗಿದೆ. ಬಟ್ಟೆಯಲ್ಲಿ ಸುತ್ತಿರುವುದು ನಿನ್ನ ಮನೆಯ ಬೀಗದ ಕೈ. ಇಷ್ಟು ದಿನ ಅದು ನನ್ನ ಚಮಚಗಳ ಡ್ರಾಯರಿನಲ್ಲಿತ್ತು. ಚಮಚ ತೆಗೆಯುವಾಗೆಲ್ಲ ಕೈಗೆ ತಗಲುತ್ತಿತ್ತು.

ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಸುಳ್ಳು. ಅಳುವುದನ್ನೂ ಸದ್ದಿಲ್ಲದೆ ಅಳುವವನು ನೀನು, ಆ ಪತ್ರಕ್ಕೆ ನಿನ್ನಿಂದ ಉತ್ತರವೇ ಬರದೆ ಹೋದರೆ ನಾನೇನು ಮಾಡಲಿ ಎಂದು ಹೆದರಿದ್ದೆ. ಬಿಯರಿನ ವಿಷಯದಲ್ಲಿ ನಾನು ಯಾರಿಗೂ, ಯಾವತ್ತೂ ಸುಳ್ಳು ಹೇಳಿದವಳಲ್ಲ. ನಿನಗೆ ಹೇಳಿದೆ, ಒಳ್ಳೆಯ ಬಿಯರನ್ನೂ ಕೆಡಿಸಿದೆ.

ಅವಳು ಇನ್ನೂ ಅದೇ ಕೋಣೆಯಲ್ಲಿದ್ದಾಳೆ. ಇನ್ನೊಮ್ಮೆ ಕೇಳಲೇ ಎಂದು ಕಳೆದ ವಾರ ಹೋಗಿದ್ದೆ. ಕಿಟಕಿ ತೆರೆದಿತ್ತು. ಜೊತೆಯ ಹೆಂಗಸರೊಂದಿಗೆ ಏನೋ ಹೇಳಿಕೊಂಡು ಹೊಲಿಯುತ್ತಾ ನಗುತ್ತಿದ್ದಳು. ಕರೆಯದೆ ವಾಪಸು ಬಂದೆ.

ಉತ್ತರ ಬರೆ. ಒಂದು ಸಾಲಾದರೂ ಸಾಕು. ಬೈದಾದರೂ ಬರೆ, ಮೂಕಪ್ಪ.

ಅಕ್ಕ

ಮಾರ್ಚ್ 8

ಅಕ್ಕ,

ಬೈಯುವುದಿಲ್ಲ. ಇಬ್ಬರೂ ಸೇರಿ ಕೆಡಿಸಿದ ಬಿಯರಿಗೆ ಒಬ್ಬಳನ್ನೇ ಯಾಕೆ ಬೈಯಲಿ.

ನೀನು ಹಾಕದೆ ಇಟ್ಟಿದ್ದ ಪತ್ರ ಓದಿದೆ. ಮಿಷನ್ ಹತ್ತಿರ ಮಾತಾಡುತ್ತಿದ್ದಳು ಎಂಬ ಸಾಲಿಗೆ ಬಂದು ನಿಂತುಬಿಟ್ಟೆ. ನಾನು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದೆ, ಅಕ್ಕ. ಅವಳು ಹಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ. ಎದೆ ಉರಿಯುತ್ತದೆ, ಬೇರೆ ಹೇಗೆ ಹೇಳುವುದೋ ಗೊತ್ತಿಲ್ಲ.

ಹೊಲಿಗೆ ಮಿಷನ್ನಿಗೆ ಎಣ್ಣೆ ಹಾಕಿ, ಗೋಣಿ ಸುತ್ತಿ, ವ್ಯಾನಿನಲ್ಲಿ ನಿನ್ನ ವಿಳಾಸಕ್ಕೆ ಕಳಿಸಿದ್ದೇನೆ. ಅವಳಿಗೆ ತಲುಪಿಸು. ಗುಂಡುಸೂಜಿಗಳನ್ನು ಆರಿಸಿ ಡಬ್ಬಿಗೆ ಹಾಕಿದ್ದೇನೆ. ಮಿಷನ್ನಿನ ಡ್ರಾಯರಿನಲ್ಲಿ ಒಂದು ಚೀಟಿ ಇದೆ, ಅಂಟಿಸಿಲ್ಲ, ಬೇಕಾದರೆ ನೀನೂ ಓದು. ಅಭ್ಯಾಸ ಮಾಡಿಟ್ಟ ಮಾತುಗಳು ಯಾವುವೂ ಅದರಲ್ಲಿಲ್ಲ. ಬಿಯರ್ ಆಯಿತು, ನೀನು ಬರಬೇಕಾಗಿಲ್ಲ ಎಂದು ಬರೆದಿದ್ದೇನೆ. ಆದಾಗ ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೆನಲ್ಲ.

ಜಾಡಿಯನ್ನು ಅಣೆಕಟ್ಟಿನ ಕೆಳಗೆ ಸುರಿದು ಬಂದೆ. ಒಂದು ಬಾಟಲಿ ಮಾತ್ರ ತುಂಬಿ ಮಿಷನ್ನಿನ ಜೊತೆಗಿಟ್ಟಿದ್ದೇನೆ, ನಿನಗೆ. ಕುಡಿಯಬೇಡ, ಪರೀಕ್ಷೆ ಮಾಡು. ಹನ್ನೆರಡೇ ಇರುತ್ತದೆ.

ಬೆಕ್ಕಿನ ಮರಿಯನ್ನು ಕಳಿಸು. ಆದರೆ ಆ ಮೂಕ ಮರಿ ಬೇಡ, ಕೂಗುವುದನ್ನು ಕಳಿಸು.

ಬೀಗದ ಕೈ ಬಂತು. ಇಷ್ಟು ದಿನ ಹಾಕದೆ ಬಿಟ್ಟ ಬೀಗ ಚಳಿಗೆ ಬಿಗಿದುಕೊಂಡಿತ್ತು. ಎಣ್ಣೆ ಬಿಟ್ಟು ತಿರುಗಿಸಿದೆ. ಇವತ್ತು ಸಂಜೆಯಿಂದ ಬಾಗಿಲಿಗೆ ಬೀಗ ಹಾಕುತ್ತಿದ್ದೇನೆ. ನೀನು ಯಾವತ್ತಾದರೂ ಬಂದರೆ ತಟ್ಟು.

ತಮ್ಮ